ಇಬ್ಬರೇ ಸ್ನೇಹಿತರು, ಮೂರು ರಾತ್ರಿ ಹೊರದೇಶ: ಕೊಡಗಿನಿಂದ ಹೊರಡುವವರಿಗೆ ಬ್ಯಾಂಕಾಕಾ, ಸಿಂಗಾಪುರವಾ, ಕ್ವಾಲಾಲಂಪುರವಾ?

ಮೊದಲೇ ಹೇಳಿಬಿಡುತ್ತೇನೆ. ಇಬ್ಬರಿಗೂ ತಿನ್ನೋದು, ಸುತ್ತೋದು ಇಷ್ಟ, ಗಲಾಟೆ ಕಂಡರೆ ತಲೆನೋವಿಲ್ಲ ಅಂದರೆ ಬ್ಯಾಂಕಾಕ್. ಒಬ್ಬರು ಸಸ್ಯಾಹಾರಿ, ಅಥವಾ ದುಡ್ಡು ಲೆಕ್ಕ ಹಾಕಿ ಖರ್ಚು ಮಾಡಬೇಕು ಅಂದರೆ ಕ್ವಾಲಾಲಂಪುರ. ಇಬ್ಬರೂ ಮೊದಲ ಸಲ ದೇಶ ಬಿಟ್ಟು ಹೋಗುವವರು, ಖರ್ಚು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ತಲೆಬಿಸಿ ಬೇಡ ಅಂದರೆ ಸಿಂಗಾಪುರ. ವಿರಾಜಪೇಟೆ ಕಡೆಯವರಿಗೆ ದುಬೈ ಕೂಡ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಕಾರಣ ದುಬೈ ಅಲ್ಲ, ಕಣ್ಣೂರು ಏರ್‌ಪೋರ್ಟ್. ಕೊಲಂಬೊ ಬಗ್ಗೆಯೂ ಎರಡು ಮಾತು ಇದೆ.

ವಿಮಾನಕ್ಕಿಂತ ರಸ್ತೆಯೇ ಉದ್ದ

ಬೇರೆ ಕಡೆ ಓದುವ ಹೋಲಿಕೆಗಳೆಲ್ಲ ವಿಮಾನ ಏರಿದ ಮೇಲೆ ಶುರುವಾಗುತ್ತವೆ. ನಮಗೆ ಹಾಗೆ ನಡೆಯೋದಿಲ್ಲ. ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನಾಲ್ಕು ಗಂಟೆಯೊಳಗೆ, ಕ್ವಾಲಾಲಂಪುರಕ್ಕೆ ಹೆಚ್ಚು ಕಡಿಮೆ ನಾಲ್ಕು, ಸಿಂಗಾಪುರಕ್ಕೆ ನಾಲ್ಕೂವರೆ. ಆದರೆ ಮಡಿಕೇರಿಯಿಂದ ದೇವನಹಳ್ಳಿಯ ಏರ್‌ಪೋರ್ಟಿಗೆ ಮುನ್ನೂರು ಕಿಲೋಮೀಟರ್ ಹತ್ತಿರ ಇದೆ. ಮೈಸೂರು ತನಕ ಒಂದು ಲೆಕ್ಕ, ಬೆಂಗಳೂರಿನ ಒಳಗೆ ದಾಟೋದು ಇನ್ನೊಂದು ಲೆಕ್ಕ. ಆರೇಳು ಗಂಟೆ ಇಟ್ಟುಕೊಳ್ಳಿ, ಅದರ ಮೇಲೆ ವಿಮಾನ ಹೊರಡುವ ಮೂರು ಗಂಟೆ ಮೊದಲು ಅಲ್ಲಿರಬೇಕು. ಹಾಗಾಗಿ ಅರ್ಧ ಗಂಟೆ ಹತ್ತಿರದ ಊರು ಯಾವುದು ಅಂತ ಚರ್ಚೆ ಮಾಡೋದು ಸುಮ್ನೆ ಟೈಮ್ ವೇಸ್ಟ್. ನೋಡಬೇಕಾದ್ದು ಹೊರಡುವ ಸಮಯ.

ರಾತ್ರಿ ಹನ್ನೊಂದು, ಹನ್ನೆರಡರ ಹೊತ್ತಿಗೆ ಹೊರಡುವ ವಿಮಾನ ಸಿಕ್ಕರೆ ನಮ್ಮವರಿಗೆ ಅದೇ ಒಳ್ಳೆಯದು. ಬೆಳಿಗ್ಗೆ ತಿಂಡಿ ಮುಗಿಸಿ ಆರಾಮಾಗಿ ಮನೆ ಬಿಡಬಹುದು. ಬ್ಯಾಂಕಾಕ್ ನಮಗಿಂತ ಒಂದೂವರೆ ಗಂಟೆ ಮುಂದೆ, ಉಳಿದ ಎರಡು ಊರು ಎರಡೂವರೆ ಗಂಟೆ ಮುಂದೆ. ಅಂದರೆ ಬೆಳಗಾಗುವಷ್ಟರಲ್ಲಿ ಅಲ್ಲಿ ಇಳಿದಿರುತ್ತೀರಿ, ಆದರೆ ಹೋಟೆಲ್ ರೂಮು ಕೊಡೋದು ಮಧ್ಯಾಹ್ನ ಎರಡು ಮೂರು ಗಂಟೆಗೆ. ಬ್ಯಾಗು ರಿಸೆಪ್ಷನ್‌ನಲ್ಲಿ ಬಿಟ್ಟು, ಮುಖ ತೊಳೆದುಕೊಂಡು ಹೊರಟುಬಿಡೋದು. ಮೊದಲ ದಿನ ನಿದ್ದೆಗೆಟ್ಟ ಇಬ್ಬರು ಸ್ನೇಹಿತರ ನಡುವೆ ಜಗಳ ಆಗೋದು ಇದೇ ಹೊತ್ತಲ್ಲಿ, ಗಮನ ಇರಲಿ.

ಕಣ್ಣೂರು ಏರ್‌ಪೋರ್ಟ್ ಶುರುವಾದದ್ದು 2018ರ ಡಿಸೆಂಬರ್‌ನಲ್ಲಿ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ಮೇಲೆ ಏರ್‌ಪೋರ್ಟ್ ಇರುವ ಮಟ್ಟನ್ನೂರಿಗೆ ಸುಮಾರು ಅರವತ್ತು ಕಿಲೋಮೀಟರ್. ಇಷ್ಟು ಹತ್ತಿರ ಇದ್ದೂ ಪೂರ್ತಿ ಪ್ರಯೋಜನ ಇಲ್ಲ, ಯಾಕೆಂದರೆ ಅಲ್ಲಿ ವಿದೇಶಿ ಕಂಪನಿಗಳಿಗೆ ಇಳಿಯಲು ಅನುಮತಿ ಸಿಕ್ಕಿಲ್ಲ. ನಮ್ಮ ದೇಶದ ಕಂಪನಿಗಳೇ ಹಾರಿಸುತ್ತವೆ, ಅವೂ ಗಲ್ಫ್ ಕಡೆಗೆ. ಸಿಂಗಾಪುರ, ಬ್ಯಾಂಕಾಕ್ ಅಂದರೆ ಬೆಂಗಳೂರೇ ಗತಿ.

ಮಳೆಗಾಲದಲ್ಲಿ ಯಾವ ಘಾಟಿಯನ್ನೂ ನಂಬಬೇಡಿ. ಮಾಕುಟ್ಟದಲ್ಲಿ ಮರ ಬಿತ್ತು, ಸಂಪಾಜೆಯಲ್ಲಿ ಮಣ್ಣು ಕುಸಿಯಿತು ಅಂತ ಫೋನ್ ಬಂದರೆ ಟಿಕೆಟ್ ದುಡ್ಡು ವಾಪಸ್ ಕೊಡುವವರು ಯಾರೂ ಇಲ್ಲ. ಜುಲೈ, ಆಗಸ್ಟ್ ಅಂದರೆ ಹಿಂದಿನ ದಿನವೇ ಕೆಳಗಿಳಿದುಬಿಡಿ.

ಯಾವಾಗ ಬಿಡುವು, ಅಲ್ಲಿ ಯಾವಾಗ ಮಳೆ

ತೋಟ ಇರುವವರಿಗೆ ಇದು ದೊಡ್ಡ ವಿಷಯ. ಅರೇಬಿಕಾ ಕೊಯ್ಲು ಶುರುವಾದರೆ ಹಿಂದೆಯೇ ರೊಬಸ್ಟಾ, ಆಮೇಲೆ ಹೂ ಮಳೆ ಬಂತಾ ಇಲ್ವಾ, ಸ್ಪ್ರಿಂಕ್ಲರ್ ಹಾಕಬೇಕಾ ಅನ್ನುವ ಚಿಂತೆ. ಏಪ್ರಿಲ್, ಮೇ ತಿಂಗಳು ಮದುವೆ ಮತ್ತು ಹಾಕಿಗೆ ಹೋಗುತ್ತದೆ. ನಿಜವಾಗಿ ಕೈ ಖಾಲಿ ಇರೋದು ಕೈಲ್‌ ಮುಹೂರ್ತದ ಹಬ್ಬ ಮುಗಿದ ಮೇಲೆ, ಸೆಪ್ಟೆಂಬರ್‌ನಿಂದ ಅಕ್ಟೋಬರ್ ಕೊನೆಯವರೆಗೆ.

ಆ ಎರಡು ತಿಂಗಳೇ ಬ್ಯಾಂಕಾಕ್‌ನಲ್ಲಿ ಮಳೆ ಜಾಸ್ತಿ. ಕೆಲವು ಓಣಿಗಳಲ್ಲಿ ನೀರು ನಿಲ್ಲುತ್ತದೆ. ಆದರೆ ಅದು ಮಧ್ಯಾಹ್ನದ ಮೇಲೆ ಜೋರಾಗಿ ಹೊಡೆದು ನಿಲ್ಲುವ ಮಳೆ. ಭಾಗಮಂಡಲದ ಮಳೆ ನೋಡಿದವರು ಅದಕ್ಕೆ ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡಿದರೆ ನಗೆಪಾಟಲು. ಮಳೆಗಾಲ ಅಂತ ರೂಮಿನ ದರವೂ ಇಳಿದಿರುತ್ತದೆ. ಕ್ವಾಲಾಲಂಪುರದಲ್ಲಿ ವರ್ಷಪೂರ್ತಿ ಸಂಜೆ ಗುಡುಗು ಮಳೆ ಇದ್ದದ್ದೇ, ಅಕ್ಟೋಬರ್, ನವೆಂಬರ್‌ನಲ್ಲಿ ಇನ್ನೂ ಜಾಸ್ತಿ. ಸಿಂಗಾಪುರಕ್ಕೆ ಜೋರು ಮಳೆ ಬರೋದು ನವೆಂಬರ್‌ನಿಂದ ಜನವರಿಯವರೆಗೆ, ಹಾಗಾಗಿ ಸೆಪ್ಟೆಂಬರ್ ಪರವಾಗಿಲ್ಲ. ಕೆಲವು ವರ್ಷ ಮಾತ್ರ ಸುಮಾತ್ರಾ ಕಡೆ ಕಾಡು ಸುಟ್ಟ ಹೊಗೆ ಬಂದು ಕವಿಯುತ್ತದೆ.

ಮಳೆಗಿಂತ ಸೆಖೆಯೇ ನಮ್ಮವರನ್ನು ಸುಸ್ತು ಮಾಡೋದು. ಮಡಿಕೇರಿಯ ಚಳಿಗೆ ಒಗ್ಗಿದ ಮೈ ಅದು. ಮೂರೂ ಊರಿನಲ್ಲಿ ಹನ್ನೊಂದರಿಂದ ಮೂರರವರೆಗೆ ಬಿಸಿಲಿಗೆ ಬೀಳುವ ಯೋಜನೆ ಬೇಡ. ಆ ಹೊತ್ತಿಗೆ ಮಾಲು, ಮ್ಯೂಸಿಯಂ ಅಥವಾ ನಿದ್ದೆ.

ಬ್ಯಾಂಕಾಕ್: ನನ್ನ ವೋಟು ಇದಕ್ಕೇ

ಗೊತ್ತು, ಹೆಸರು ಹೇಳಿದ ಕೂಡಲೇ ಮನೆಯಲ್ಲಿ ಮುಖ ನೋಡುತ್ತಾರೆ. ಇಬ್ಬರು ಗಂಡಸರು ಹೊರಟರಂತೂ ಊರಿಡೀ ನಗುತ್ತದೆ. ನಗಲಿ ಬಿಡಿ. ಆ ಊರಿನಲ್ಲಿ ನೋಡಲು, ತಿನ್ನಲು ಇರುವುದು ಬೇರೆಯೇ ಇದೆ.

ವೀಸಾ ತಲೆಬಿಸಿ ಕಡಿಮೆ. 2024ರ ಜುಲೈಯಿಂದ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಬಿಡಲು ಶುರು ಮಾಡಿದರು. ಇಂಥ ರಿಯಾಯಿತಿಯನ್ನು ಸರಕಾರಗಳು ಆಗಾಗ ತಿದ್ದುತ್ತಾ ಇರುತ್ತವೆ, ಟಿಕೆಟ್ ಮಾಡುವ ದಿನ ಥಾಯ್ ದೂತಾವಾಸದ ವೆಬ್‌ಸೈಟ್ ಒಮ್ಮೆ ನೋಡಿ. 2025ರ ಮೇ 1ರಿಂದ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಇಳಿಯುವುದಕ್ಕೆ ಮೊದಲಿನ ಮೂರು ದಿನದೊಳಗೆ ತುಂಬೋದು, ಪೂರ್ತಿ ಉಚಿತ. ದುಡ್ಡು ಕೇಳುವ ಸೈಟು ಸಿಕ್ಕರೆ ಅದು ನಕಲಿ, ಮುಚ್ಚಿಬಿಡಿ. ಮಲೇಶಿಯಾಕ್ಕೂ ಸಿಂಗಾಪುರಕ್ಕೂ ಇಂಥದ್ದೇ ಕಾರ್ಡ್ ಇದೆ, ಅವೂ ಉಚಿತ.

ಸುವರ್ಣಭೂಮಿ ಏರ್‌ಪೋರ್ಟಿನಿಂದ ಫಯಾ ಥಾಯ್ ಸ್ಟೇಷನ್‌ಗೆ ರೈಲಿದೆ, ಅರ್ಧ ಗಂಟೆಯೊಳಗೆ ಊರೊಳಗೆ ಇರುತ್ತೀರಿ. ಅಲ್ಲಿಂದ ಸ್ಕೈಟ್ರೈನ್. ರೂಮು ಯಾವುದಾದರೂ ಸ್ಕೈಟ್ರೈನ್ ಅಥವಾ ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ ಇರಲಿ. ಇದೊಂದು ವಿಷಯದಲ್ಲಿ ಐನೂರು ರೂಪಾಯಿ ಉಳಿಸಲು ಹೋಗಬೇಡಿ, ಅಲ್ಲಿನ ಟ್ರಾಫಿಕ್ಕಿನಲ್ಲಿ ಅದರ ಎರಡರಷ್ಟು ಟ್ಯಾಕ್ಸಿಗೆ ಹೋಗುತ್ತದೆ. ಇಬ್ಬರಿಗೆ ಚೊಕ್ಕವಾದ ರೂಮು ಸಾವಿರದಿಂದ ಎರಡು ಸಾವಿರ ಬಾತ್ ಒಳಗೆ ಸಿಗುತ್ತದೆ.

ಒಂದು ಬೆಳಿಗ್ಗೆ ನದಿ ಕಡೆಗೆ ಇಡಿ. ಅರಮನೆ, ಅದರ ಪಕ್ಕ ವಾಟ್ ಫೋ ದೇವಸ್ಥಾನ, ಅಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ, ಆಮೇಲೆ ದೋಣಿಯಲ್ಲಿ ನದಿ ದಾಟಿ ವಾಟ್ ಅರುಣ್. ಅರಮನೆಗೆ ಒಬ್ಬರಿಗೆ 500 ಬಾತ್, ಚಡ್ಡಿ, ತೋಳಿಲ್ಲದ ಅಂಗಿ ಹಾಕಿದರೆ ಬಿಡೋದಿಲ್ಲ. ಗೇಟಿನ ಹೊರಗೆ ನೀಟಾಗಿ ಡ್ರೆಸ್ ಮಾಡಿಕೊಂಡ ಒಬ್ಬ ಬಂದು 'ಇವತ್ತು ಅರಮನೆ ರಜೆ, ಬೇರೆ ದೇವಸ್ಥಾನ ತೋರಿಸುತ್ತೇನೆ, ಟುಕ್‌ಟುಕ್‌ಗೆ ಇಪ್ಪತ್ತೇ ಬಾತ್' ಅಂತ ಹೇಳಿದರೆ ನಿಲ್ಲಬೇಡಿ. ಆ ಟುಕ್‌ಟುಕ್ ಹೋಗೋದು ಹರಳಿನ ಅಂಗಡಿಗೆ. ಬ್ಯಾಂಕಾಕ್‌ನ ಅತಿ ಹಳೆಯ ಟೋಪಿ ಇದು, ಈಗಲೂ ಹಾಕುತ್ತಾ ಇದ್ದಾರೆ.

ಚತುಚಕ್ ಸಂತೆ ಪೂರ್ತಿ ತೆರೆಯೋದು ಶನಿವಾರ, ಭಾನುವಾರ ಮಾತ್ರ. ಶಾಪಿಂಗ್ ಇಲ್ಲದಿದ್ದರೂ ಹೋಗಿ, ಗಿಡದ ಸಾಲುಗಳೇ ಸಾಕು. ನಮ್ಮ ಮನೆ ಅಂಗಳದ ಆಂಥೂರಿಯಂ, ಆರ್ಕಿಡ್ ಹುಚ್ಚು ಇರುವವರು ಅಲ್ಲಿಂದ ಬೇಗ ಹೊರಬರೋದಿಲ್ಲ. ಗಿಡ ತರಲು ಮಾತ್ರ ಹೋಗಬೇಡಿ, ಪೇಪರ್ ಇಲ್ಲದೆ ಇಲ್ಲಿನ ಏರ್‌ಪೋರ್ಟಲ್ಲಿ ಕಿತ್ತುಕೊಳ್ಳುತ್ತಾರೆ.

ಊಟದ ವಿಷಯ

ಇಲ್ಲಿ ಮೂರೂ ಊರುಗಳನ್ನು ಒಟ್ಟಿಗೆ ಇಡುತ್ತೇನೆ, ಯಾಕೆಂದರೆ ಸ್ನೇಹಿತರ ಪ್ರವಾಸ ಗೆಲ್ಲೋದು ಸೋಲೋದು ಇಲ್ಲೇ.

ಪಂದಿಕರಿ ತಿಂದು ಬೆಳೆದವರಿಗೆ ಬ್ಯಾಂಕಾಕ್ ಬಿಟ್ಟು ಬರಲು ಮನಸ್ಸಾಗೋದಿಲ್ಲ. ಬೆಳಿಗ್ಗೆ ಫುಟ್‌ಪಾತ್‌ನಲ್ಲೇ ಕೆಂಡದ ಮೇಲೆ ಮೂ ಪಿಂಗ್ ಸುಡುತ್ತಿರುತ್ತಾರೆ, ಹಂದಿ ಮಾಂಸದ ಕಡ್ಡಿ, ಜೊತೆಗೆ ಪ್ಲಾಸ್ಟಿಕ್ ಕವರಲ್ಲಿ ಬಿಸಿ ಅಂಟಕ್ಕಿ ಅನ್ನ. ಮಧ್ಯಾಹ್ನಕ್ಕೆ ಖಾವ್ ಖಾ ಮೂ ಹುಡುಕಿ. ದೊಡ್ಡ ಪಾತ್ರೆಯಲ್ಲಿ ಹಂದಿಯ ಕಾಲು ಗಂಟೆಗಟ್ಟಲೆ ಬೆಂದು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅಂಗಡಿಯವರು ಒಂದು ತುಂಡು ಎತ್ತಿ ಮರದ ಹಲಗೆ ಮೇಲೆ ಕತ್ತಿಯಿಂದ ಟಕಟಕ ಕೊಚ್ಚಿ, ಚರ್ಮ, ಕೊಬ್ಬು, ಮಾಂಸ ಎಲ್ಲ ಸೇರಿಸಿ ಅನ್ನದ ಮೇಲೆ ಹಾಕಿ, ಅದೇ ರಸ ಒಂದು ಸೌಟು ಸುರಿಯುತ್ತಾರೆ. ಪಕ್ಕದಲ್ಲಿ ಅರ್ಧ ಮೊಟ್ಟೆ, ಒಂದಿಷ್ಟು ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಹಸಿಮೆಣಸು ಬೆಳ್ಳುಳ್ಳಿ ಹಾಕಿದ ಹುಳಿನೀರು. ಸ್ವಲ್ಪ ಸಿಹಿ ಮುಂದು. ನಮ್ಮ ಅಡುಗೆಯ ಕಪ್ಪು ಹುಳಿ ಕಾಚಂಪುಳಿ ಒಂದು ಹನಿ ಇದ್ದಿದ್ದರೆ ಅಂತ ಅನ್ನಿಸೋದು ಸಹಜ. ಸಂಜೆಗೆ ಯಾವರಾತ್, ಅಂದರೆ ಚೈನಾಟೌನ್. ಮೆಟ್ರೋದಲ್ಲಿ ವಾಟ್ ಮಂಗ್‌ಕಾನ್ ಸ್ಟೇಷನ್‌ನಲ್ಲಿ ಇಳಿದರೆ ಅಲ್ಲೇ.

ಆದರೆ ಜೊತೆಗಿರುವವರು ಸಸ್ಯಾಹಾರಿ ಅಂದರೆ ಇದೇ ಊರು ಶಿಕ್ಷೆ. ತರಕಾರಿಗೂ ಮೀನಿನ ಸಾಸ್ ಬೀಳುತ್ತದೆ. 'ಜೇ' ಅಂತ ಕೇಳಬೇಕು, ಅಲ್ಲಿನ ಶುದ್ಧ ಸಸ್ಯಾಹಾರಕ್ಕೆ ಅದೇ ಹೆಸರು. ಹಳದಿ ಬಣ್ಣದಲ್ಲಿ ಕೆಂಪು ಅಕ್ಷರದ ಬೋರ್ಡ್ ಇರುತ್ತದೆ. ಸಿಗುತ್ತದೆ, ಆದರೆ ದಿನಕ್ಕೆ ಮೂರು ಸಲ ಹುಡುಕುವಷ್ಟರಲ್ಲಿ ಸ್ನೇಹ ಹಳಸುತ್ತದೆ.

ಕ್ವಾಲಾಲಂಪುರ ಇಲ್ಲಿ ಗೆಲ್ಲುತ್ತದೆ. ಭಾರತೀಯ ಮೂಲದವರ ಬಡಾವಣೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಬಾಳೆಎಲೆ ಊಟ, ದೋಸೆ, ಇಡ್ಲಿ ಎಲ್ಲ ಇದೆ. ತಮಿಳು ಮುಸ್ಲಿಮರ ಮಮಾಕ್ ಊಟದಂಗಡಿಗಳು ಮಧ್ಯರಾತ್ರಿ ದಾಟಿದರೂ ತೆರೆದಿರುತ್ತವೆ, ರೋಟಿ ಚಾನಾಯ್ ನಮ್ಮ ಪರೋಟದ ತಮ್ಮನೇ, ಬೇಳೆ ಸಾರಿನ ಜೊತೆ ಕೊಡುತ್ತಾರೆ. ಒಬ್ಬರು ಮಾಂಸ, ಒಬ್ಬರು ಬೇಳೆ, ಒಂದೇ ಮೇಜಿನಲ್ಲಿ ಕೂತು ತಿನ್ನಬಹುದು. ಮುಸ್ಲಿಮರು ಜಾಸ್ತಿ ಇರುವ ದೇಶ, ಹಾಗಾಗಿ ಹಂದಿ ಸಿಗೋದು ಚೀನೀಯರ ಅಂಗಡಿಯಲ್ಲಿ ಮಾತ್ರ.

ಸಿಂಗಾಪುರದಲ್ಲಿ ಎರಡೂ ಸಿಗುತ್ತದೆ, ಬೆಲೆ ಮಾತ್ರ ನೋಡಿ. ಹಾಕರ್ ಸೆಂಟರ್, ಅಂದರೆ ಸಣ್ಣ ಸಣ್ಣ ಊಟದಂಗಡಿಗಳು ಒಟ್ಟಿಗಿರುವ ಜಾಗ, ಅಲ್ಲಿ ಐದಾರು ಡಾಲರಿಗೆ ಹೊಟ್ಟೆ ತುಂಬುತ್ತದೆ. ಎಸಿ ರೆಸ್ಟೋರೆಂಟಿಗೆ ಹೋದರೆ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದೆಯಾ ನೋಡಿಕೊಳ್ಳಿ, ಅಂದರೆ 10 ಪರ್ಸೆಂಟ್ ಸರ್ವಿಸ್ ಚಾರ್ಜು, ಅದರ ಮೇಲೆ 9 ಪರ್ಸೆಂಟ್ ಜಿಎಸ್‌ಟಿ. ಅಲ್ಲಿ ಬಕ್ ಕುಟ್ ತೇ ಬಿಡಬೇಡಿ, ಹಂದಿ ಪಕ್ಕೆಲುಬಿನ ತಿಳಿ ಸಾರು, ಬರೀ ಕಾಳುಮೆಣಸು ಮತ್ತು ಬೆಳ್ಳುಳ್ಳಿಯ ಖಾರ. ಮೆಣಸು ಬಳ್ಳಿ ಬೆಳೆಸುವವರಿಗೆ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ. ಕ್ವಾಲಾಲಂಪುರದಲ್ಲೂ ಇದೇ ಹೆಸರಿನದು ಸಿಗುತ್ತದೆ, ಅದು ಕಪ್ಪಗೆ, ಬೇರು ಗಿಡಮೂಲಿಕೆ ಹಾಕಿದ್ದು. ನನಗೆ ಸಿಂಗಾಪುರದ್ದೇ ಇಷ್ಟ.

ಇನ್ನು ಕೊಪಿ. ಹಾಕರ್ ಸೆಂಟರಿನ ಕಾಫಿ ಅಂಗಡಿಯಲ್ಲಿ ಉದ್ದ ಮೂತಿಯ ಡಬ್ಬದೊಳಗೆ ಬಟ್ಟೆಯ ಚೀಲ ಇಳಿಬಿಟ್ಟು ಡಿಕಾಕ್ಷನ್ ಎಳೆಯುತ್ತಾರೆ. ಬೀಜ ಹೆಚ್ಚಾಗಿ ರೊಬಸ್ಟಾ, ಅದನ್ನು ಸಕ್ಕರೆ, ಕೊಬ್ಬು ಹಾಕಿ ಕಪ್ಪಾಗುವ ತನಕ ಹುರಿದಿರುತ್ತಾರೆ. ಸುಮ್ನೆ 'ಕೊಪಿ' ಅಂದರೆ ತಳದಲ್ಲಿ ಕಂಡೆನ್ಸ್ಡ್ ಮಿಲ್ಕ್ ಬರುತ್ತದೆ. 'ಕೊಪಿ ಓ' ಅಂದರೆ ಹಾಲಿಲ್ಲ, ಸಕ್ಕರೆ ಇದೆ. ಸಕ್ಕರೆಯೂ ಬೇಡ ಅಂದರೆ 'ಕೊಪಿ ಓ ಕೊಸೊಂಗ್'. ನಮ್ಮಲ್ಲಿ ರೊಬಸ್ಟಾ ಅಂದರೆ ಎರಡನೇ ದರ್ಜೆ ಅಂತ ಮೂಗು ಮುರಿಯುವವರು ಇದ್ದಾರೆ ನೋಡಿ, ಅವರಿಗೆ ಒಂದು ಕಪ್ ಕುಡಿಸಬೇಕು.

ಕ್ವಾಲಾಲಂಪುರ: ಅಗ್ಗ, ಆದರೆ ಎರಡೇ ದಿನಕ್ಕೆ

2023ರ ಡಿಸೆಂಬರ್‌ನಿಂದ ನಮಗೆ 30 ದಿನ ವೀಸಾ ಬೇಡ, ಈ ಸೌಲಭ್ಯ 2026ರ ಡಿಸೆಂಬರ್ 31ರ ತನಕ ಇದೆ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ಇಟ್ಟುಕೊಳ್ಳಿ, ಇಮಿಗ್ರೇಷನ್‌ನಲ್ಲಿ ಕೇಳುತ್ತಾರೆ.

ಏರ್‌ಪೋರ್ಟ್ ಊರಿನಿಂದ ತುಂಬಾ ದೂರ. ಎಕ್ಸ್‌ಪ್ರೆಸ್ ರೈಲಿಗೆ ಒಬ್ಬರಿಗೆ 55 ರಿಂಗಿಟ್, ಅರ್ಧ ಗಂಟೆ. ಇಬ್ಬರಿಗೆ 110 ಆಯಿತಲ್ವಾ, ಫೋನ್ ಆ್ಯಪ್‌ನಲ್ಲಿ ಕರೆಸುವ ಗ್ರ್ಯಾಬ್ ಕಾರು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಗೆ ಹೋಟೆಲ್ ಬಾಗಿಲಿಗೇ ಬಿಡುತ್ತದೆ. ಒಬ್ಬರೇ ಹೋದರೆ ರೈಲು, ಇಬ್ಬರಾದರೆ ಕಾರು. ರೂಮಿನ ಬಿಲ್ಲಿಗೆ ವಿದೇಶಿಯರ ಟೂರಿಸಂ ತೆರಿಗೆ ರಾತ್ರಿಗೆ 10 ರಿಂಗಿಟ್ ಬೇರೆ ಹಾಕುತ್ತಾರೆ.

ಬಾತು ಕೇವ್ಸ್‌ಗೆ 272 ಮೆಟ್ಟಿಲು, ಕೆಳಗೆ 42.7 ಮೀಟರ್ ಎತ್ತರದ ಬಂಗಾರ ಬಣ್ಣದ ಮುರುಗನ್. ಕೆಎಲ್ ಸೆಂಟ್ರಲ್‌ನಿಂದ ನೇರ ಲೋಕಲ್ ರೈಲಿದೆ. ಬೆಳಿಗ್ಗೆ ಬೇಗ ಹೋಗಿ. ಮಂಗಗಳ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಪೆಟ್ರೋನಾಸ್ ಅವಳಿ ಗೋಪುರ 452 ಮೀಟರ್, ಮೇಲೆ ಹತ್ತಲು ದುಡ್ಡು ಕೊಡೋದಕ್ಕಿಂತ ಸಂಜೆ ಕೆಳಗಿನ ಪಾರ್ಕಿನಲ್ಲಿ ಕೂತು ನೋಡೋದೇ ಚಂದ. ಮೂರನೇ ದಿನ ಊರಿನಲ್ಲಿ ಏನೂ ಉಳಿದಿರೋದಿಲ್ಲ. ಮಲಾಕಾಕ್ಕೆ ಬಸ್ ಹತ್ತಿ, ಎರಡು ಗಂಟೆ ದಾರಿ. ರಸ್ತೆ ಬದಿ ನಡೆಯುವಾಗ ಬ್ಯಾಗನ್ನು ಗೋಡೆ ಕಡೆಯ ಹೆಗಲಿಗೆ ಹಾಕಿಕೊಳ್ಳಿ, ಬೈಕಿನವರು ಎಳೆದುಕೊಂಡು ಹೋಗುವುದುಂಟು.

ಸಿಂಗಾಪುರ: ದುಡ್ಡು ಕೊಟ್ಟರೆ ನೆಮ್ಮದಿ

ವೀಸಾ ಬೇಕು, ಏಜೆಂಟ್ ಮೂಲಕವೇ ಹಾಕಬೇಕು. ಸರಕಾರದ ಫೀಸು 30 ಸಿಂಗಾಪುರ ಡಾಲರ್, ಏಜೆಂಟ್ ತನ್ನದನ್ನು ಸೇರಿಸುತ್ತಾನೆ. ರೂಮು ಉಳಿದ ಎರಡೂ ಊರಿನ ಎರಡು ಮೂರರಷ್ಟು, ಅದೂ ಬ್ಯಾಗ್ ಬಿಚ್ಚಿದರೆ ಕಾಲಿಡಲು ಜಾಗ ಇಲ್ಲದಷ್ಟು ಚಿಕ್ಕದು. ಇಷ್ಟೆಲ್ಲ ಆದ ಮೇಲೆ ಮತ್ತೆ ಯಾವ ಕಷ್ಟವೂ ಇಲ್ಲ. ನಿಮ್ಮ ಕಾರ್ಡನ್ನೇ ಮೆಟ್ರೋ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು, ಯಾರೂ ಮೋಸ ಮಾಡೋದಿಲ್ಲ. ಇಬ್ಬರು ಹೆಣ್ಣುಮಕ್ಕಳು ಮಧ್ಯರಾತ್ರಿ ನಡೆದುಕೊಂಡು ರೂಮಿಗೆ ಬರಬಹುದು. ಗೆಳತಿಯರು ಹೊರಟಿದ್ದರೆ, ಮನೆಯಲ್ಲಿ ಒಪ್ಪಿಸಬೇಕಾಗಿದ್ದರೆ, ಇದೇ ಸುಲಭ.

ಪುಕ್ಕಟೆ ನೋಡುವಂಥದ್ದೂ ಬೇಕಾದಷ್ಟಿದೆ. ಗಾರ್ಡನ್ಸ್ ಬೈ ದ ಬೇ ಒಳಗೆ ದೊಡ್ಡ ಕಬ್ಬಿಣದ ಮರಗಳ ದೀಪದಾಟ ಸಂಜೆ 7.45ಕ್ಕೆ, ಮತ್ತೆ 8.45ಕ್ಕೆ. ಬೊಟಾನಿಕ್ ಗಾರ್ಡನ್ 1859ರದ್ದು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸಂಪಾಜೆ ಕಡೆ ರಬ್ಬರ್ ಇರುವವರು ಇಲ್ಲಿಗೆ ಹೋಗಲೇಬೇಕು, ಮರ ಸಾಯದ ಹಾಗೆ ತೊಗಟೆ ಕೆತ್ತಿ ಹಾಲು ತೆಗೆಯುವ ವಿಧಾನವನ್ನು ರಿಡ್ಲಿ ಅನ್ನುವ ವಿಜ್ಞಾನಿ ರೂಪಿಸಿದ್ದು ಇದೇ ತೋಟದಲ್ಲಿ. ಅಂಗಡಿಯಲ್ಲಿ ಬಾಟಲಿ ಸಿಗೋದು ರಾತ್ರಿ 10.30ರ ತನಕ ಮಾತ್ರ, ಬೆಲೆ ಕೇಳಿದರೆ ಕುಡಿಯುವ ಆಸೆಯೂ ಹೋಗುತ್ತದೆ.

ದುಬೈ, ಕೊಲಂಬೊ

ದುಬೈ ಚಂದ ಇರೋದು ನವೆಂಬರ್‌ನಿಂದ ಫೆಬ್ರವರಿ. ಆಗ ನಮ್ಮ ಕಣದಲ್ಲಿ ಕಾಫಿ ಹರಡಿರುತ್ತದೆ. ಬಿಡುವು ಸಿಗುವ ಸೆಪ್ಟೆಂಬರ್‌ನಲ್ಲಿ ಅಲ್ಲಿ ಬೆಂಕಿ. ಜೊತೆಗೆ ವೀಸಾ ಬೇಕು, ಅಲ್ಲಿ ಒಬ್ಬರಾದರೂ ನೆಂಟರು ಇದ್ದೇ ಇರುತ್ತಾರೆ, ದಿನಾ ರಾತ್ರಿ ಒಬ್ಬೊಬ್ಬರ ಮನೆ ಊಟ ಆದರೆ ಸ್ನೇಹಿತನ ಜೊತೆ ಹೋದ ಹಾಗಾಗೋದಿಲ್ಲ. ದೇರಾ ಕಡೆ ಒಂದು ದಿರ್ಹಮ್‌ಗೆ ದೋಣಿಯಲ್ಲಿ ಕ್ರೀಕ್ ದಾಟೋದು, ಮಸಾಲೆ ಸಂತೆ, ಇವು ಮಾತ್ರ ನನಗೆ ಬುರ್ಜ್ ಖಲೀಫಾಕ್ಕಿಂತ ಹಿಡಿಸುತ್ತವೆ.

ಕೊಲಂಬೊ ಬೆಂಗಳೂರಿನಿಂದ ಒಂದೂವರೆ ಗಂಟೆ, ಗಡಿಯಾರ ಬದಲಿಸುವ ಕೆಲಸವೂ ಇಲ್ಲ. 2024ರ ಫೆಬ್ರವರಿಯಿಂದ ಯುಪಿಐ ಕೂಡ ನಡೆಯುತ್ತದೆ. ಆದರೆ ಬೆಳಿಗ್ಗೆ ಎದ್ದರೆ ನಮ್ಮ ಅಕ್ಕಿ ಶ್ಯಾವಿಗೆ ನೂಪುಟ್ಟಿನಂಥದ್ದೇ ತಿಂಡಿ, ಸುತ್ತ ತೆಂಗಿನಮರ. ಹೊರದೇಶ ಅನ್ನುವ ಖುಷಿ ಅಷ್ಟಾಗಿ ಬರೋದಿಲ್ಲ. ಊರೊಂದೇ ನೋಡಲು ಬೇಡ, ರೈಲಿನಲ್ಲಿ ಗಾಲೆಗೆ ಹೋಗುವುದಾದರೆ ಸರಿ.

ಜೊತೆಗಾರರ ಲೆಕ್ಕ, ಬ್ಯಾಗಿನ ಲೆಕ್ಕ

ಬುಕ್ ಮಾಡುವಾಗ 'ಡಬಲ್' ಅಂದರೆ ಒಂದು ಮಂಚ, 'ಟ್ವಿನ್' ಅಂದರೆ ಎರಡು. ನೋಡಿ ಒತ್ತಿ. ದಿನಕ್ಕೆ ಅರ್ಧ ಹೊತ್ತು ಬೇರೆ ಬೇರೆ ಸುತ್ತುವ ಒಪ್ಪಂದ ಮೊದಲೇ ಮಾಡಿಕೊಳ್ಳಿ, ಇಬ್ಬರ ಫೋನಿಗೂ ಬೇರೆ ಸಿಮ್ ಇರಲಿ. ಬ್ಯಾಂಕಾಕ್ ಮತ್ತು ಸಿಂಗಾಪುರ ನನಗೆ ಇಷ್ಟ ಆಗೋದಕ್ಕೆ ಇದೂ ಕಾರಣ, ಯಾವ ಮೂಲೆಯಿಂದಲೂ ಒಬ್ಬರೇ ರೈಲು ಹತ್ತಿ ರೂಮಿಗೆ ಬರಬಹುದು. ಕಾಮನ್ ಖರ್ಚಿಗೆ ಇಬ್ಬರೂ ಸಮ ಹಾಕಿದ ಒಂದು ಪರ್ಸ್. ಕಾರ್ಡ್ ಮೆಷಿನ್ 'ರೂಪಾಯಿಯಲ್ಲಿ ಕೊಡುತ್ತೀರಾ' ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ದುಡ್ಡಲ್ಲೇ ಕೊಡಿ. ಥಾಯ್ಲೆಂಡ್ ಎಟಿಎಂ ಪ್ರತಿ ಸಲಕ್ಕೆ 200 ಬಾತ್‌ಗೂ ಜಾಸ್ತಿ ಕೀಳುತ್ತದೆ, ಪದೇ ಪದೇ ತೆಗೆಯಬೇಡಿ. ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್, ಅಂದರೆ ಮೊದಲೇ ವಸೂಲು ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ, ಅದು ವಾಪಸ್ ಬೇಕಾದರೆ ರಿಟರ್ನ್ಸ್ ಹಾಕಬೇಕು. ತೋಟದ ಆದಾಯ ಅಂತ ರಿಟರ್ನ್ಸ್ ಹಾಕದವರು ಟಿಕೆಟ್, ರೂಮು ತಾವೇ ಬುಕ್ ಮಾಡೋದು ವಾಸಿ.

ಬ್ಯಾಗ್ ಬಗ್ಗೆ ನಮ್ಮವರಿಗೇ ಅಂತ ಒಂದು ಎಚ್ಚರಿಕೆ. ಮನೆಯಲ್ಲಿ ಕೋವಿ ಇದ್ದರೆ, ಒಯ್ಯುವ ಬ್ಯಾಗಿನ ಎಲ್ಲಾ ಜೇಬು, ಜ್ಯಾಕೆಟಿನ ಒಳಜೇಬು ಮಗುಚಿ ನೋಡಿ. ಮರೆತುಹೋದ ಒಂದು ತೋಟಾ ಎಕ್ಸ್‌ರೇಯಲ್ಲಿ ಕಂಡರೂ ಪೊಲೀಸ್ ಕೇಸು, ನಮ್ಮವರಿಗೆ ಕೋವಿಗಿರುವ ಲೈಸೆನ್ಸ್ ವಿನಾಯಿತಿಯ ಮಾತು ಅಲ್ಲಿ ನಡೆಯೋದಿಲ್ಲ. ದುಬೈಗೆ ಗಸಗಸೆ ಒಯ್ಯಬೇಡಿ, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಸಿಂಗಾಪುರಕ್ಕೂ ಬೇಡ. ಒಣಮಾಂಸ, ಹಂದಿ ಉಪ್ಪಿನಕಾಯಿ ಯಾವ ಊರಿಗೂ ಬೇಡ. ವೇಪ್ ಸೇದುವ ಸ್ನೇಹಿತ ಇದ್ದರೆ ಮನೆಯಲ್ಲೇ ಬಿಟ್ಟು ಬರಲಿ, ಥಾಯ್ಲೆಂಡ್, ಸಿಂಗಾಪುರ ಎರಡರಲ್ಲೂ ಕಾನೂನುಬಾಹಿರ.

ವಾಪಸ್ ಟಿಕೆಟ್ ಮಾಡುವಾಗ ಬೆಳಿಗ್ಗೆ ಬೆಂಗಳೂರಿಗೆ ಇಳಿಯುವುದನ್ನೇ ಹುಡುಕಿ. ಏರ್‌ಪೋರ್ಟಿನಿಂದಲೇ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ, ಅಲ್ಲಿಂದ ಬೆಳಕಿರುವಾಗಲೇ ಮನೆ ಸೇರಬಹುದು. ಸಂಜೆ ಇಳಿದರೆ ಮೈಸೂರಲ್ಲೇ ಉಳಿಯಿರಿ. ಕುಟ್ಟ ಕಡೆಯವರಿಗೆ ನಾಗರಹೊಳೆ ಒಳಗಿನ ದಾರಿ ರಾತ್ರಿ ಮುಚ್ಚಿರುತ್ತದೆ, ತಿತಿಮತಿ ದಾರಿಯಲ್ಲಿ ಆನೆ ನಿಂತಿದ್ದರೆ ನಿದ್ದೆಗಣ್ಣಿನಲ್ಲಿ ಕಾಣೋದೂ ಇಲ್ಲ.